ಸಚಿನ್‌ನ ಹಳೇ ಕಂಪ್ಯೂಟರು, ಗುಳೇದಗುಡ್ಡದ ಫ್ಲಾಪಿ

'ಸಚಿನ್‌ನಲ್ಲಿದ್ದೇನೆ' ಎಂದರೆ ಊರ ಕಡೆಯವರು ಮೊದಲು ನಗುತ್ತಾರೆ, ಆಮೇಲೆ ತೆಂಡೂಲ್ಕರ್ ಬಗ್ಗೆ ಒಂದು ಮಾತು ಹೇಳುತ್ತಾರೆ. ಸಚಿನ್ ಎಂಬುದೊಂದು ಊರಿದೆ. ಸೂರತ್ತಿನಿಂದ ಮುಂಬೈ ಕಡೆಗೆ ಹೊರಟರೆ ಉಧನಾ, ಭೇಸ್ತಾನ್ ದಾಟಿದ ಮೇಲೆ ಸಿಗುವ ರೈಲು ನಿಲ್ದಾಣ ಅದು. ಒಂದು ಕಾಲಕ್ಕೆ ಸಿದ್ದಿ ನವಾಬರು ಆಳಿದ ಪುಟ್ಟ ಸಂಸ್ಥಾನ, ಸ್ಥಾಪನೆಯಾದದ್ದು 1791ರಲ್ಲಿ. ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ನಾವು ನೋಡುವ ಸಿದ್ದಿಯರ ಹಾಗೆಯೇ ಈ ನವಾಬರ ಮೂಲವೂ ಆಫ್ರಿಕಾ. ಈಗ ಇಲ್ಲಿ ಕಾಣುವುದು ಮಾತ್ರ ಜಿಐಡಿಸಿ, ಅಂದರೆ ನಮ್ಮ ಕೆಐಎಡಿಬಿಯಂಥ ಕೈಗಾರಿಕಾ ವಸಾಹತು. ಬಣ್ಣದ ಮಿಲ್ಲು, ಪವರ್‌ಲೂಮು, ಎಂಬ್ರಾಯ್ಡರಿ ಶೆಡ್ಡು. ಹಗಲು ರಾತ್ರಿ ಒಂದೇ ಸದ್ದು.

ನನ್ನ ಕೆಲಸ ಆ ಸದ್ದನ್ನು ಲೆಕ್ಕಕ್ಕೆ ತರುವುದು. ಯಾವ ಯಂತ್ರ ಎಷ್ಟು ಹೊತ್ತು ಓಡಿತು, ದಾರ ಎಷ್ಟು ಸಲ ಹರಿಯಿತು, ಯಾವ ಡಿಸೈನ್ ಎಷ್ಟು ಮೀಟರ್ ಆಯಿತು ಎಂಬುದನ್ನೆಲ್ಲ ಸರ್ವರ್‌ಗೆ ಸೇರಿಸಿ ಮಾಲೀಕರ ಮೊಬೈಲಿಗೆ ತಲುಪಿಸುವ ತಂತ್ರಾಂಶ ಬರೆಯುವ ಕಂಪನಿಯಲ್ಲಿದ್ದೇನೆ. ಎಂ.ಟೆಕ್. ಮುಗಿಸಿ ಹೊರಡುವಾಗ ಕ್ಲೌಡು, ಮಷೀನ್ ಲರ್ನಿಂಗು ಎಂದೆಲ್ಲ ತಲೆಯಲ್ಲಿತ್ತು. ಇಲ್ಲಿಗೆ ಬಂದ ಮೊದಲ ವಾರವೇ ನನ್ನ ಕೈಗೆ ಬಂದದ್ದು ಮೂರೂವರೆ ಇಂಚಿನ ಫ್ಲಾಪಿ.

ಆ ಶೆಡ್ಡಿನ ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅವರಲ್ಲಿ ಹೊಸ ಯಂತ್ರಗಳ ಒಂದು ಸಾಲಿದೆ, ಅವು ಪೆನ್‌ಡ್ರೈವ್ ಓದುತ್ತವೆ. ಅದರ ಹಿಂದೆ, ಗೋಡೆಯ ಬದಿಗೆ, ಇಪ್ಪತ್ತು ವರ್ಷ ಮೀರಿದ ನಾಲ್ಕು ಬಹುತಲೆಯ ಎಂಬ್ರಾಯ್ಡರಿ ಯಂತ್ರಗಳು. ಒಂದೊಂದರಲ್ಲೂ ಸಾಲಾಗಿ ಹೊಲಿಗೆ ತಲೆಗಳು, ಎಲ್ಲವೂ ಒಂದೇ ಹೂವನ್ನು ಒಂದೇ ಗಳಿಗೆಯಲ್ಲಿ ಹಾಕುತ್ತವೆ. ಇವುಗಳ ನಿಯಂತ್ರಣ ಪೆಟ್ಟಿಗೆಯಲ್ಲಿರುವುದು ಫ್ಲಾಪಿ ಡ್ರೈವ್ ಮಾತ್ರ. 'ಇವನ್ನು ಮಾರಿಬಿಡಬಹುದಲ್ಲ ಕಾಕಾ?' ಎಂದು ಮೊದಲ ದಿನ ಕೇಳಿ ಪೆಚ್ಚಾದೆ. 'ಬೇಟಾ, ಇದರ ಕಬ್ಬಿಣ ಮುಟ್ಟಿ ನೋಡು. ಅದರದ್ದೂ ಮುಟ್ಟಿ ನೋಡು' ಎಂದು ಹೊಸ ಯಂತ್ರದ ಕಡೆ ಕೈ ತೋರಿಸಿದರು. ಕಬ್ಬಿಣ ಗಟ್ಟಿಯಿದೆ, ಮೋಟರು ಸರಿಯಿದೆ, ಸೂಜಿ ನಿಲ್ಲದೆ ಓಡುತ್ತದೆ. ಮುದಿಯಾದದ್ದು ಅದರ ಬಾಯಿ ಮಾತ್ರ.

ಇದು ಕಾಕಾ ಒಬ್ಬರ ಕಥೆಯಲ್ಲ. ಸೋನಿ ಕಂಪನಿ ಫ್ಲಾಪಿ ಮಾರಾಟವನ್ನು 2011ರಲ್ಲಿ ನಿಲ್ಲಿಸಿತು. ಜಪಾನ್ ಸರ್ಕಾರ ತನ್ನ ಕಚೇರಿ ನಿಯಮಗಳಿಂದ ಫ್ಲಾಪಿಯನ್ನು ಕೈಬಿಟ್ಟದ್ದು 2024ರಲ್ಲಿ. ಬೋಯಿಂಗ್ 747-400 ವಿಮಾನಗಳಿಗೆ ದಾರಿ ತೋರುವ ಮಾಹಿತಿ ತುಂಬುತ್ತಿದ್ದದ್ದೂ ಮೂರೂವರೆ ಇಂಚಿನ ಫ್ಲಾಪಿಯಿಂದಲೇ. ದೊಡ್ಡ ಯಂತ್ರದ ಆಯುಷ್ಯ ಮೂವತ್ತು ವರ್ಷ, ಅದರೊಳಗಿನ ಕಂಪ್ಯೂಟರಿನ ಆಯುಷ್ಯ ಐದು ವರ್ಷ. ಎರಡನ್ನೂ ಒಟ್ಟಿಗೆ ಬಾಳಿಸುವವನಿಗೆ ನನ್ನ ಊರಿನಲ್ಲಿ ಸಂಬಳ ಕೊಡುತ್ತಾರೆ.

ಎಂಬ್ರಾಯ್ಡರಿ ಡಿಸೈನ್ ಮಾಡುವುದಕ್ಕೆ ಸೂರತ್ತಿನಲ್ಲಿ 'ಪಂಚಿಂಗ್' ಎನ್ನುತ್ತಾರೆ. ಕಾಗದದ ಪಟ್ಟಿಗೆ ತೂತು ಹೊಡೆದು ಯಂತ್ರಕ್ಕೆ ಹೂವು ಹೇಳುತ್ತಿದ್ದ ಕಾಲದ ಮಾತು ಅದು. ಪಟ್ಟಿ ಹೋಯಿತು, ಮಾತು ಉಳಿಯಿತು. ಮಾತಷ್ಟೇ ಅಲ್ಲ, ಕಡತದ ರಚನೆಯೂ ಉಳಿದಿದೆ. ಇವತ್ತಿಗೂ ಚಾಲ್ತಿಯಲ್ಲಿರುವ ಡಿಎಸ್‌ಟಿ ಎಂಬ ಕಡತ ತಾಜಿಮಾ ಯಂತ್ರಗಳ ಕಾಗದದ ಪಟ್ಟಿಯ ನೇರ ವಂಶಸ್ಥ. ಮೊದಲು 512 ಬೈಟಿನ ತಲೆಬರಹ, ಆಮೇಲೆ ಒಂದೊಂದು ಹೊಲಿಗೆಗೆ ಮೂರೇ ಮೂರು ಬೈಟು. ಎಷ್ಟು ಬಲಕ್ಕೆ, ಎಷ್ಟು ಮೇಲಕ್ಕೆ, ಇಷ್ಟೇ. ಅಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ. ಒಂದು ನೆಗೆತಕ್ಕೆ ಹೆಚ್ಚೆಂದರೆ 12.1 ಮಿಲಿಮೀಟರ್. ಬಣ್ಣ ಯಾವುದೆಂದೂ ಬರೆದಿರುವುದಿಲ್ಲ, 'ಇಲ್ಲಿ ಬಣ್ಣ ಬದಲಿಸು' ಎಂದಷ್ಟೇ. ಇಪ್ಪತ್ತು ಸಾವಿರ ಹೊಲಿಗೆಯ ಸೀರೆ ಅಂಚಿಗೆ ಅರವತ್ತು ಕೆಬಿ ಸಾಕು. ನಿಮ್ಮ ಮೊಬೈಲಿನ ಒಂದು 'ಗುಡ್ ಮಾರ್ನಿಂಗ್' ಚಿತ್ರಕ್ಕೆ ಇದಕ್ಕಿಂತ ಹೆಚ್ಚು ಜಾಗ ಬೇಕು.

ಆ ನಾಲ್ಕು ಯಂತ್ರಗಳಿಗೆ ನಾವು ಮಾಡಿದ ಉಪಾಯ ಈಗ ಇಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಗೋಟೆಕ್ ಎಂಬ ಸಣ್ಣ ಪೆಟ್ಟಿಗೆ ಸಿಗುತ್ತದೆ, ಫ್ಲಾಪಿ ಡ್ರೈವಿನಷ್ಟೇ ಅಗಲ, ಅಷ್ಟೇ ಎತ್ತರ. ಹಿಂದೆ ಅದೇ 34 ತಂತಿಯ ಪಟ್ಟಿ ಕೇಬಲ್ಲು, ಮುಂದೆ ಪೆನ್‌ಡ್ರೈವ್ ಕಿಂಡಿ, ಎರಡು ಗುಂಡಿ, ಅಂಕಿ ತೋರಿಸುವ ಪರದೆ. ಒಂದೇ ಪೆನ್‌ಡ್ರೈವಿನೊಳಗೆ ನೂರಾರು ಫ್ಲಾಪಿಗಳ ಪ್ರತಿಬಿಂಬ ಇಡಬಹುದು. ಗುಂಡಿ ಒತ್ತಿ ನಂಬರು ಬದಲಿಸಿದರೆ ಯಂತ್ರ ಫ್ಲಾಪಿ ಬದಲಿಸಿದರೆಂದು ನಂಬುತ್ತದೆ. ಕೀರ್ ಫ್ರೇಸರ್ ಎಂಬಾತ ಬರೆದಿರುವ 'ಫ್ಲ್ಯಾಶ್‌ಫ್ಲಾಪಿ' ಎಂಬ ಮುಕ್ತ ತಂತ್ರಾಂಶ ಅದಕ್ಕೆ ಹಾಕಿಕೊಂಡರೆ ಇನ್ನೂ ಸಲೀಸು. ಹಲ್ಲು ಕಟ್ಟಿಸಿದ ಹಾಗೆ: ಬಾಯಿ ಹಳೆಯದು, ಅಗಿಯುವುದು ಹೊಸ ಹಲ್ಲಿನಿಂದ. ಮೂರು ಯಂತ್ರಕ್ಕೆ ಇದು ಸರಿಹೋಯಿತು. ನಾಲ್ಕನೆಯದು ಡಾಸ್ ಅಲ್ಲದ ತನ್ನದೇ ವಿನ್ಯಾಸದ 720 ಕೆಬಿ ಡಿಸ್ಕು ಕೇಳುತ್ತಿತ್ತು, ಅದಕ್ಕೆ ಎರಡು ವಾರ ಒದ್ದಾಡಿದೆ. ಆ ವಿಷಯ ಇಲ್ಲಿ ಬೇಡ.

ನಾನು ಹೇಳಹೊರಟಿದ್ದು ನಮ್ಮ ಮನೆಯ ಎರಡು ಫ್ಲಾಪಿಗಳ ಬಗ್ಗೆ.

ಅಪ್ಪ ಗುಳೇದಗುಡ್ಡದಲ್ಲಿ ಹೈಸ್ಕೂಲಿನ ಕನ್ನಡ ಮಾಸ್ತರರಾಗಿದ್ದವರು. ಖಣ ನೇಯುವ ಊರು ಅದು. ಮಾತಿನ ಹುಚ್ಚಿನ ಮಾಸ್ತರರು ಅಲ್ಲಿ ಇದ್ದರೆ ಸುಮ್ಮನಿರುವುದು ಕಷ್ಟ. ಎಂಟು ಬೇಸಿಗೆ ರಜೆಯಲ್ಲಿ ಸೈಕಲ್ಲು ಹತ್ತಿ ನೇಕಾರರ ಮನೆಮನೆಗೆ ಹೋಗಿ, ಇಳಕಲ್ಲಿಗೂ ಹೋಗಿ ಬಂದು, ಮಗ್ಗದ ಕೆಲಸದ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಸಾವಿರದ ನಾನೂರರಷ್ಟು ಪದ. ಹಾಸು ಎಂದರೆ ಉದ್ದದ ಎಳೆ, ಹೊಕ್ಕು ಎಂದರೆ ಅಡ್ಡದ ಎಳೆ ಎಂಬಲ್ಲಿಂದ ಹಿಡಿದು, ಯಾವ ಓಣಿಯಲ್ಲಿ ಯಾವ ಮಾತು, ಯಾರು ಹೇಳಿದ್ದು ಎಂಬವರೆಗೆ. 1995ರಲ್ಲಿ ಧಾರವಾಡದಲ್ಲಿ ಒಂದು ಕಚೇರಿಯ ಕಂಪ್ಯೂಟರಿನಲ್ಲಿ ಅವರ ಗೆಳೆಯರೊಬ್ಬರು ಸಂಜೆ ಹೊತ್ತು ಕೂತು ಇಷ್ಟನ್ನೂ ಟೈಪು ಮಾಡಿಕೊಟ್ಟಿದ್ದರು. ಪುಸ್ತಕ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಅಪ್ಪ ಇವತ್ತಿಗೂ ಹೇಳುವುದಿಲ್ಲ. ಎರಡು ಫ್ಲಾಪಿ ಬಿಸ್ಕತ್ತಿನ ಡಬ್ಬಿ ಸೇರಿ, ಡಬ್ಬಿ ಟ್ರಂಕು ಸೇರಿತು. ನೋಟ್‌ಬುಕ್ಕುಗಳು ಮಾಳಿಗೆಯ ಮೇಲಿದ್ದವು. ಒಂದು ಮಳೆಗಾಲ ಸೋರಿ, ಆಮೇಲೆ ಗೆದ್ದಲು ಹಿಡಿದು, ಒಲೆಗೆ ಹಾಕುವ ಹಾಗೂ ಇಲ್ಲದ ಮಣ್ಣಾದವು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಟ್ರಂಕು ತೆಗೆದು ಡಬ್ಬಿ ಕೈಗಿಟ್ಟಳು. ಅಪ್ಪ ಕಣ್ಣಿನ ಆಪರೇಷನ್ ಆಗಿ ಕಟ್ಟೆ ಮೇಲೆ ಕೂತಿದ್ದರು. 'ಅದರಾಗ ಏನ ಉಳದಿರತೈತೋ ತಮ್ಮಾ. ಮೂವತ್ತು ವರ್ಷ ಆತು. ಹೇಳಿದವರೂ ಇಲ್ಲ, ಬರೆದ ಹಾಳಿನೂ ಇಲ್ಲ' ಎಂದರು. ನಾನು, ದಿನಾ ಫ್ಲಾಪಿ ಮುಟ್ಟುವವನು, ಜಂಬದಿಂದ 'ಒಂದು ತಾಸಿನ ಕೆಲಸ ಅಪ್ಪಾ' ಎಂದುಬಿಟ್ಟೆ.

ಸಚಿನ್‌ಗೆ ಬಂದವನೇ ಯುಎಸ್‌ಬಿ ಫ್ಲಾಪಿ ಡ್ರೈವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಮೊದಲ ಫ್ಲಾಪಿ, ಅಪ್ಪನ ಅಕ್ಷರದಲ್ಲಿ 'ಅ ದಿಂದ ನ' ಎಂದು ಬರೆದದ್ದು, ಒಂದೇ ಉಸಿರಿಗೆ ಓದಿಸಿಕೊಂಡಿತು. ಹಿಗ್ಗಿನಲ್ಲಿ ಎರಡನೆಯದನ್ನು, 'ಪ ದಿಂದ ಹ' ಎಂಬುದನ್ನು, ಹಾಗೆಯೇ ತಳ್ಳಿದೆ. ಕಿರ್ರ್ ಎಂದಿತು. ಸೀಮೆಸುಣ್ಣ ಬೋರ್ಡಿನ ಮೇಲೆ ಜಾರಿದಾಗ ಮೈ ಜುಮ್ಮೆನ್ನುವುದಲ್ಲ, ಆ ಸದ್ದು. ತೆಗೆಯುವಷ್ಟರಲ್ಲಿ ನಾಲ್ಕೈದು ಸೆಕೆಂಡು ಆಗಿತ್ತು. ತಗಡಿನ ಮುಚ್ಚಳ ಸರಿಸಿ ಮೊಬೈಲ್ ಟಾರ್ಚಿನ ಬೆಳಕಿಗೆ ಹಿಡಿದರೆ ಕಂದು ತಟ್ಟೆಯ ಮೇಲೆ ಬೂದಿಬಣ್ಣದ ಬೂಷ್ಟು, ಅದರ ನಡುವೆ ಈಗ ತಾನೇ ನಾನು ಕೆತ್ತಿದ ಹೊಳೆಯುವ ಉಂಗುರ.

ಮಾರನೆಯ ದಿನ ಕಾಕಾಗೆ ತೋರಿಸಿದೆ. ಅವರು ಬೈದದ್ದನ್ನು ಕನ್ನಡದಲ್ಲಿ ಬರೆಯುವ ಹಾಗಿಲ್ಲ. ಮಳೆಗಾಲದ ಸೂರತ್ತಿನಲ್ಲಿ ಇಪ್ಪತ್ತು ವರ್ಷ ಫ್ಲಾಪಿ ಕಾಪಾಡಿಕೊಂಡು ಬಂದ ಮನುಷ್ಯ. ಬಿಳಿ ಚುಕ್ಕೆ ಕಂಡ ಫ್ಲಾಪಿಯನ್ನು ತೊಳೆಯದೆ ಡ್ರೈವಿಗೆ ಹಾಕಬಾರದೆಂಬುದು ಅವರ ಶೆಡ್ಡಿನ ಹುಡುಗರಿಗೂ ಗೊತ್ತು. ಎಂ.ಟೆಕ್.ನಲ್ಲಿ ಇದನ್ನು ಹೇಳಿಕೊಡುವುದಿಲ್ಲ. ಬೂಷ್ಟು ಡ್ರೈವಿನ ತಲೆಗೆ ಮೆತ್ತಿಕೊಂಡರೆ ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಅದು ಕೆರೆಯುತ್ತದೆ. ನನ್ನ ಪುಣ್ಯ, ಚೆನ್ನಾಗಿದ್ದದ್ದನ್ನು ಮೊದಲು ಹಾಕಿದ್ದೆ.

ತೊಳೆಯುವುದನ್ನು ಅವರೇ ಕಲಿಸಿದರು. ಪ್ಲಾಸ್ಟಿಕ್ ಚಿಪ್ಪನ್ನು ಅಂಚಿನಿಂದ ಮೆಲ್ಲಗೆ ಬಿಡಿಸಿ ಒಳಗಿನ ತಟ್ಟೆಯನ್ನು ನಡುವಿನ ಲೋಹದ ಗುಬುಟು ಹಿಡಿದು ಎತ್ತಬೇಕು. ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಬೇರೊಂದು ಒಳ್ಳೆಯ ಫ್ಲಾಪಿಯ ಚಿಪ್ಪಿನೊಳಗೆ ಕೂರಿಸಬೇಕು. ಹಳೆಯ ಚಿಪ್ಪಿನ ಒಳಪದರದಲ್ಲೇ ಬೂಷ್ಟು ಇರುವುದರಿಂದ ಅದನ್ನು ಮತ್ತೆ ಬಳಸಬಾರದು. ಇಷ್ಟಾದ ಮೇಲೆ ಬೇರೆ ಯುಎಸ್‌ಬಿ ಡ್ರೈವಿಗೆ ಹಾಕಿದೆ. ಕಡತದ ಹೆಸರು ಕಂಡಿತು. ತೆರೆಯಲು ಹೋದರೆ ಗೆರೆ ಬಿದ್ದ ಜಾಗಕ್ಕೆ ಬಂದು ಡ್ರೈವ್ ಕೈ ಎತ್ತಿತು. ಇಂಥ ಡ್ರೈವುಗಳಿಗೆ ತಾಳ್ಮೆ ಕಡಿಮೆ. ಹಾಳಾದ ಜಾಗ ಬಂದರೆ ಎಷ್ಟು ಸಲ ಮತ್ತೆ ನೋಡಬೇಕು, ಹೇಗೆ ನೋಡಬೇಕು ಎಂದು ನಾವು ಹೇಳಲಿಕ್ಕೆ ಬರುವುದಿಲ್ಲ. ನೇರವಾಗಿ ಡ್ರೈವನ್ನು ಆಡಿಸಬಲ್ಲ ಯಂತ್ರ ಬೇಕಿತ್ತು. ಅದು ಕಾಕಾರ ಗೋದಾಮಿನಲ್ಲಿ, ನೂಲಿನ ಖಾಲಿ ಕೋನುಗಳ ಚೀಲದ ಹಿಂದೆ ಇತ್ತು.

ಪೆಂಟಿಯಂ. ಅಗಲವಾದ ಬಿಳಿ ಡಬ್ಬಿ, ಈಗ ಮೊಸರು ಹಳಸಿದ ಬಣ್ಣ. ಕಾಕಾ ಅದನ್ನು ಗುಜರಿಗೆ ಹಾಕದಿರಲು ಕಾರಣ ಪ್ರೀತಿಯಲ್ಲ. ಅವರ ಮೊದಲ ಹತ್ತು ವರ್ಷದ ಡಿಸೈನುಗಳೆಲ್ಲ ಅದರೊಳಗಿದ್ದವು. ಡಿಎಸ್‌ಟಿಯಲ್ಲಿ ಉಳಿಯುವುದು ಬರೀ ಹೊಲಿಗೆ. ಹೂವನ್ನು ದೊಡ್ಡದು ಮಾಡಬೇಕು, ಎಸಳು ತಿರುಗಿಸಬೇಕು ಎಂದರೆ ಪಂಚಿಂಗ್ ತಂತ್ರಾಂಶದ ಮೂಲ ಕಡತವೇ ಬೇಕು. ಆ ತಂತ್ರಾಂಶ ವಿಂಡೋಸ್ 98ರಲ್ಲಿ ಮಾತ್ರ ಓಡುತ್ತದೆ. ಅದೂ ಪ್ರಿಂಟರ್ ಕಿಂಡಿಗೆ ಡಾಂಗಲ್ ಎಂಬ ಬೀಗದ ಕೈ ಸಿಕ್ಕಿಸಿದರೆ. ಇವತ್ತಿನ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿಯೇ ಇಲ್ಲ. ಆರು ವರ್ಷದ ಹಿಂದೆ ಯಂತ್ರ ಸುಮ್ಮನಾದಾಗ ಬಟ್ಟೆ ಮುಚ್ಚಿ ಇಟ್ಟಿದ್ದರು. 'ನಿನ್ನ ಅಪ್ಪನ ಮಾತು ನೀನು ತೆಗೆದುಕೋ, ನನ್ನ ಹೂವು ನನಗೆ ಕೊಡು' ಎಂದು ಒಪ್ಪಂದವಾಯಿತು.

ಹಳೆಯ ಕಂಪ್ಯೂಟರಿಗೆ ಜೀವ ಕೊಡುವುದರಲ್ಲಿ ಮೊದಲ ನಿಯಮ: ಸಿಕ್ಕ ಕೂಡಲೇ ಕರೆಂಟು ಕೊಡಬಾರದು. ಬಿಚ್ಚಿ, ಬ್ಲೋವರಿನಿಂದ ಧೂಳು ಊದಿ, ಬೋರ್ಡಿನ ಮೇಲೆ ಉಬ್ಬಿದ ಕೆಪಾಸಿಟರ್ ಇದೆಯೇ ನೋಡಿದೆ. 386, 486 ಕಾಲದ ಬೋರ್ಡಾದರೆ ಅದರ ಮೇಲಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಇದರಲ್ಲಿ ನಾಣ್ಯದಂಥ ಸಿಆರ್ 2032 ಇತ್ತು, ಸತ್ತಿತ್ತು, ಬದಲಿಸಿದೆ. ವಿದ್ಯುತ್ ಪೆಟ್ಟಿಗೆಯನ್ನು ಶೆಡ್ಡಿನ ಎಲೆಕ್ಟ್ರಿಷಿಯನ್ ತನ್ನ ಸೀರೀಸ್ ಬಲ್ಬಿನ ಬೋರ್ಡಿಗೆ ಹಾಕಿ ನೋಡಿದ. ಒಳಗೆ ಶಾರ್ಟಾಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಬಲ್ಬು ಒಮ್ಮೆ ಮಿಣುಕಿ ಮಂಕಾಯಿತು. ಅದಾದ ಮೇಲೆ ಎರಡು ಸಾಲು ಕನೆಕ್ಟರುಗಳನ್ನು ಬೋರ್ಡಿಗೆ ಸಿಕ್ಕಿಸಬೇಕು; ಆ ಕಾಲದ ಎಟಿ ಮಾದರಿಯಲ್ಲಿ ಎರಡರ ಕಪ್ಪು ತಂತಿಗಳೂ ನಡುವೆ ಅಕ್ಕಪಕ್ಕ ಬರಬೇಕು. ತಿರುವುಮುರುವಾದರೆ ಬೋರ್ಡು ಸುಟ್ಟಿತೆಂದೇ ಲೆಕ್ಕ.

ಪರದೆಗೆ ತೊಂದರೆಯಾಗಲಿಲ್ಲ. ವಿಜಿಎ ಕಿಂಡಿಯಿರುವ ಎಲ್‌ಸಿಡಿ ಮಾನಿಟರು ಇಲ್ಲಿ ಇನ್ನೂ ಎಲ್ಲ ಕಡೆ ಇದೆ. ಸ್ವಿಚ್ ಒತ್ತಿದಾಗ ಮೆಮೊರಿ ಎಣಿಸುವ ಅಂಕಿಗಳು ಓಡಿ, 'ಸಿಮೋಸ್ ಚೆಕ್‌ಸಮ್' ದೋಷ ಎಂದು ಬಂತು. ಬ್ಯಾಟರಿ ಸತ್ತಿದ್ದರಿಂದ ಯಂತ್ರ ತನ್ನ ಹಾರ್ಡ್ ಡಿಸ್ಕಿನ ಅಳತೆ ಮರೆತಿತ್ತು. ನೆನಪಿಸಿದೆ. ಡಿಸ್ಕು ಟಿಕ್ ಟಿಕ್ ಎನ್ನತೊಡಗಿದಾಗ ಎದೆ ಧಸಕ್ಕೆಂದಿತು. ತಕ್ಷಣ ನಿಲ್ಲಿಸಿ, ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಇಡೀ 2.1 ಜಿಬಿಯನ್ನು ಪ್ರತಿ ಮಾಡಿಕೊಂಡೆ. ಒಂದು ರಾತ್ರಿ ಹಿಡಿಯಿತು. ಬೆಳಿಗ್ಗೆ ಆ ಪ್ರತಿಯನ್ನು ಕ್ಯಾಮರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ಇಳಿಸಿ, ಕಾರ್ಡನ್ನು ಡಿಸ್ಕಿನ ಜಾಗಕ್ಕೆ ಸಿಕ್ಕಿಸಿದೆ. ಆ ಕಾರ್ಡಿನ ಭಾಷೆಯೂ ಐಡಿಇ ಡಿಸ್ಕಿನ ಭಾಷೆಯೂ ಒಂದೇ, ನಡುವೆ ಬೇಕಾದದ್ದು ತಂತಿ ಹೊಂದಿಸುವ ಸಣ್ಣ ಪಟ್ಟಿ ಮಾತ್ರ. ವಿಂಡೋಸ್ 98ರ ಮೋಡದ ಚಿತ್ರ ಬಂತು. ಕಾಕಾ ಡಾಂಗಲ್ ಸಿಕ್ಕಿಸಿ ತಂತ್ರಾಂಶ ತೆರೆದು ಒಂದು ನವಿಲು ತೆಗೆದರು. ಎರಡು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಬಾಲದ ಒಂದು ಗರಿ ಹಿಡಿದು ಎಳೆದರು, ಗರಿ ದೊಡ್ಡದಾಯಿತು. 'ಚಾ ತರಿಸು' ಎಂದರು.

ಈಗ ನನ್ನ ಸರದಿ. ನನ್ನ ಪೀಳಿಗೆಯ ಇಂಜಿನಿಯರುಗಳೆಲ್ಲ ಕಾಲೇಜಿನ ಲ್ಯಾಬಿನಲ್ಲಿ ನೀಲಿ ಪರದೆಯ ಟರ್ಬೊ ಸಿ ಬೈದುಕೊಂಡೇ ಕಲಿತವರು. ಆ ವಿದ್ಯೆ ಇಷ್ಟು ವರ್ಷದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ಒಂದು ಸಣ್ಣ ಪ್ರೋಗ್ರಾಂ ಬರೆದೆ. ಫ್ಲಾಪಿಯಲ್ಲಿ ಎರಡು ಬದಿ, ಬದಿಗೆ 80 ಟ್ರ್ಯಾಕು, ಟ್ರ್ಯಾಕಿಗೆ 18 ಸೆಕ್ಟರು, ಸೆಕ್ಟರಿಗೆ 512 ಬೈಟು. ಒಂದೊಂದೇ ಸೆಕ್ಟರನ್ನು ಬಯಾಸ್ ಮೂಲಕ ಕೇಳುವುದು, ಬರದಿದ್ದರೆ ತಲೆಯನ್ನು ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ ತಂದು ಮತ್ತೆ ಕೇಳುವುದು, ಇಪ್ಪತ್ತು ಸಲ. ಡ್ರೈವಿನ ತಲೆ ಎರಡು ದಿಕ್ಕಿನಿಂದ ಬಂದಾಗ ಕೂದಲೆಳೆಯಷ್ಟು ಬೇರೆ ಜಾಗದಲ್ಲಿ ನಿಲ್ಲುತ್ತದೆ, ಆ ಕೂದಲೆಳೆಯೇ ಕೆಲವೊಮ್ಮೆ ಸಾಕು. ಸಿಕ್ಕಿದ್ದನ್ನೆಲ್ಲ ಸೀರಿಯಲ್ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಕಳಿಸುವುದು. ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ ಇಡೀ ಫ್ಲಾಪಿಗೆ ಎರಡು ನಿಮಿಷದ ಮೇಲೆ ಸ್ವಲ್ಪ. ನೆಟ್‌ವರ್ಕ್ ಕಾರ್ಡು ಹಾಕಬಹುದಿತ್ತು, ಆದರೆ ವಿಂಡೋಸ್ 98 ಯಂತ್ರವನ್ನು ಇವತ್ತಿನ ಇಂಟರ್‌ನೆಟ್ಟಿಗೆ ಬಿಡುವುದೆಂದರೆ ಮನೆ ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದ ಹಾಗೆ. ಕೇಬಲ್ಲೇ ಒಳ್ಳೆಯದು.

ಮೊದಲ ಸುತ್ತಿನಲ್ಲಿ 61 ಸೆಕ್ಟರು ಬರಲಿಲ್ಲ. ತಲೆ ಒರೆಸಿ, ಕಾಕಾರ ಪೆಟ್ಟಿಗೆಯಲ್ಲಿದ್ದ ಇನ್ನೆರಡು ಡ್ರೈವು ಬದಲಿಸಿ, ಐದು ರಾತ್ರಿ ಓಡಿಸಿದ ಮೇಲೆ 38ಕ್ಕೆ ನಿಂತಿತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಕಡತಗಳ ಪಟ್ಟಿ ಇರುವುದು ಹೊರ ಅಂಚಿನ ಸೊನ್ನೆಯ ಟ್ರ್ಯಾಕಿನಲ್ಲಿ, ಅದು ಉಳಿದಿತ್ತು. ಗೆರೆ ಬಿದ್ದದ್ದು ಒಂದು ಬದಿಗೆ ಮಾತ್ರ. ಫ್ಲಾಪಿ ಒಂದು ಬದಿ ತುಂಬಿದ ಮೇಲೆ ಅದೇ ಟ್ರ್ಯಾಕಿನ ಇನ್ನೊಂದು ಬದಿಗೆ ಬರೆಯುತ್ತದೆ. ಹಾಗಾಗಿ ಒಂಬತ್ತು ಕೆಬಿ ಚಿಂದಿ, ಮುಂದಿನ ಒಂಬತ್ತು ಕೆಬಿ ಸ್ವಚ್ಛ, ಮತ್ತೆ ಚಿಂದಿ. ಇಲಿ ಕಡಿದ ಮಡಿಕೆ ಸೀರೆಯನ್ನು ಬಿಚ್ಚಿ ಹರವಿದರೆ ಕಾಣುತ್ತದಲ್ಲ, ಹಾಗೆ.

ಕಡತವನ್ನು ತೆರೆದಾಗ ಕನ್ನಡ ಇರಲಿಲ್ಲ. ತಲೆಯ ಮೇಲೆ ಚುಕ್ಕೆ, ಟೋಪಿ ಹಾಕಿಕೊಂಡ ಯುರೋಪಿನ ಅಕ್ಷರಗಳ ಸಂತೆ. ಇದು ನನಗೆ ಗೊತ್ತಿದ್ದ ಊರೇ. ಆ ಕಚೇರಿಯ ಯಂತ್ರದಲ್ಲಿ ಜಿಸ್ಟ್ ಕಾರ್ಡು ಇತ್ತೆಂದು ಅಪ್ಪನಿಗೆ ನೆನಪಿತ್ತು. ಕಾನ್ಪುರದ ಐಐಟಿಯಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಅದು. ಡಾಸ್ ಯಂತ್ರದೊಳಗೆ ಆ ಕಾರ್ಡು ಕೂರಿಸಿದರೆ ಪರದೆಯ ಮೇಲೆ ಭಾರತದ ಲಿಪಿಗಳು ಬರುತ್ತಿದ್ದವು. ಅದು ಬಳಸುತ್ತಿದ್ದದ್ದು ಇಸ್ಕಿ ಎಂಬ ಸಂಕೇತ, 1991ರಲ್ಲಿ ಭಾರತೀಯ ಮಾನಕವಾದದ್ದು. ಇದರಲ್ಲಿ ಒಂದು ಚೆಂದವಿದೆ. ಎಲ್ಲ ಬ್ರಾಹ್ಮಿ ಮೂಲದ ಲಿಪಿಗಳಿಗೂ ಒಂದೇ ಅಂಕಿ. ಕನ್ನಡದ 'ಕ', ದೇವನಾಗರಿಯ 'ಕ', ಗುಜರಾತಿಯ 'ಕ' ಮೂರೂ ಇಸ್ಕಿಯಲ್ಲಿ 179. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದು ನೋಡುವವನ ಇಷ್ಟ.

ನಿಮ್ಮಲ್ಲಿ ಯಾರದಾದರೂ ಹಳೆಯ ಕಡತ ನುಡಿ, ಬರಹದ ಹಳೆಯ ಅಕ್ಷರಗಳಲ್ಲಿದ್ದರೆ ಅದರ ಕಥೆ ಬೇರೆ. ಅಲ್ಲಿ ಸಂಕೇತ ಇರುವುದು ಅಕ್ಷರಕ್ಕಲ್ಲ, ಅಕ್ಷರದ ತುಂಡುಗಳಿಗೆ. ತಲೆಕಟ್ಟು, ಒತ್ತು, ಕೊಂಬು ಬೇರೆ ಬೇರೆ. ಅದನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಇವೆ, ಆದರೆ ಒತ್ತಕ್ಷರ ಬಂದಲ್ಲಿ ಕಣ್ಣಿಟ್ಟು ಓದಬೇಕು. ಇಸ್ಕಿಯದು ನೇರ ದಾರಿ. ಯುನಿಕೋಡಿನ ಭಾರತೀಯ ಲಿಪಿಗಳ ಜೋಡಣೆಯೇ ಇಸ್ಕಿಯ ಮೊದಲಿನ ರೂಪವನ್ನು ನೋಡಿ ಮಾಡಿದ್ದು. ವಿಂಡೋಸ್‌ನೊಳಗೂ ಅದರ ಕೋಷ್ಟಕ ಇದೆ: 57008 ಎಂದರೆ ಕನ್ನಡ. ನಾನು ಪೈಥಾನ್‌ನಲ್ಲಿ ನೂರು ಸಾಲಿನ ಪ್ರೋಗ್ರಾಂ ಬರೆದುಕೊಂಡೆ. ಮೊದಲ ಫ್ಲಾಪಿಯನ್ನು ಹಾಯಿಸಿದೆ. 'ಅ' ಇಂದ ಶುರುವಾಯಿತು. 'ಕಂಡಿಕೆ: ಲಾಳಿಯೊಳಗೆ ಕೂರಿಸುವ, ಹೊಕ್ಕಿನ ನೂಲು ಸುತ್ತಿದ ಕೊಳವೆ.' 'ಕೊಂಡಿ: ಮೈಯ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಹಾಕಿ ಕೂಡಿಸುವುದು, ಇಳಕಲ್ಲಿನಲ್ಲಿ.' ಅಪ್ಪನ ವಾಕ್ಯಗಳು. ಅರ್ಧವಿರಾಮ ಎಲ್ಲಿ ಹಾಕುತ್ತಾರೆಂದು ನನಗೆ ಗೊತ್ತು, ಅದಕ್ಕಾಗಿ ಪೆಟ್ಟು ತಿಂದವನು.

ಕಾಕಾ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. 'ಏನು ಬರೆದಿದೆ?' ಎಂದರು. ತಟ್ಟನೆ ಹೊಳೆಯಿತು. ಕೋಷ್ಟಕದಲ್ಲಿ 57010 ಗುಜರಾತಿ. ಗುಜರಾತಿಯಲ್ಲಿ ಹ್ರಸ್ವ ಎ, ಒ ಇಲ್ಲ, ಅವನ್ನು ದೀರ್ಘಕ್ಕೆ ತಿರುಗಿಸಿ, ಮಿಕ್ಕಿದ್ದನ್ನು ಇದ್ದ ಹಾಗೇ ಬಿಟ್ಟು ಅದೇ ಬೈಟುಗಳನ್ನು ಗುಜರಾತಿ ಲಿಪಿಯಲ್ಲಿ ತೆರೆದೆ. ಕಾಕಾ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. ಅರ್ಥ ಗೊತ್ತಿಲ್ಲ, ಅಕ್ಷರ ಬಿಡುತ್ತಿಲ್ಲ. ನಾನು ಅಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

'ಖಣ್' ಎಂದರು ಕಾಕಾ.

'ಖಣ್ ಅಲ್ರೀ, ಖಣ. ಕಡೀಕ ಬಾಯಿ ತಗೀರಿ' ಎಂದರು ಅಪ್ಪ, ಗುಳೇದಗುಡ್ಡದಿಂದ. ಯಾರು ಓದುತ್ತಿದ್ದಾರೆಂದು ಕೇಳಲೂ ಇಲ್ಲ. ಮೊದಲು ಉಚ್ಚಾರ ತಿದ್ದಿದರು.

ಆಮೇಲೆ ಅರ್ಧ ಗಂಟೆ ಇಬ್ಬರಿಗೂ ನಾನು ದುಭಾಷಿ. ಹಾಸು ಹೊಕ್ಕಿಗೆ ಗುಜರಾತಿಯಲ್ಲಿ ತಾಣೊ, ವಾಣೊ. ಗಂಜಿ ಎಂದ ಕೂಡಲೇ ಕಾಕಾಗೆ ನಾನು ಹೇಳುವ ಮೊದಲೇ ಅರ್ಥವಾಯಿತು, ಹಾಸಿಗೆ ಗಂಜಿ ಹಚ್ಚುವ ಕೆಲಸವನ್ನು ಕೈಯಲ್ಲಿ ಮಾಡಿ ತೋರಿಸಿದರು. ಅಪ್ಪನಿಗೆ ಅದು ಕಾಣುವ ಹಾಗಿರಲಿಲ್ಲ.

ಎರಡನೆಯ ಫ್ಲಾಪಿಯ ವಿಷಯ ಹೇಳಲು ನನಗೆ ಇನ್ನೂ ಎರಡು ದಿನ ಬೇಕಾಯಿತು. 38 ಸೆಕ್ಟರಿನಲ್ಲಿ ಹೋದದ್ದು ತೊಂಬತ್ತರ ಆಸುಪಾಸು ಪದ. ಪಟ್ಟಿ ಮಾಡಿದರೆ ತೂತು ಬಿದ್ದಿದ್ದು 'ಮ'ದ ಆರಂಭದಲ್ಲಿ, 'ರ'ದಲ್ಲಿ, 'ಲ'ದಲ್ಲಿ. ಮಗ್ಗ ಇಲ್ಲ. ರಾಟಿ ಇಲ್ಲ. ಲಾಳಿ ಇಲ್ಲ. ನೇಕಾರಿಕೆಯ ಪದಕೋಶದಲ್ಲಿ ಮಗ್ಗವೇ ಇಲ್ಲ, ಅದೂ ನಾನು ನಾಲ್ಕು ಸೆಕೆಂಡು ಆತುರ ಮಾಡಿದ್ದಕ್ಕೆ. ಕೊನೆಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿತ್ತು.

'ಮಗ್ಗಾನ ಕಳದಿ?'

'ಹೂಂ ಅಪ್ಪಾ.'

'ಒಂದು ತಾಸಿನ ಕೆಲಸ ಅಂದಿದ್ದಿ.'

ಬೈಯಬಹುದಿತ್ತು, ಬೈಯಲಿಲ್ಲ. 'ಬರ್ಕೋ' ಎಂದರು.

ಅಂದಿನಿಂದ ಭಾನುವಾರ ಸಂಜೆ ಆರಕ್ಕೆ ಫೋನು. ನಾನು ತೂತಿನ ಹಿಂದಿನ ಪದ ಓದುತ್ತೇನೆ, ಮುಂದಿನ ಪದ ಓದುತ್ತೇನೆ. ಅಕಾರಾದಿಯಲ್ಲಿ ಅವೆರಡರ ನಡುವೆ ಏನಿರಬೇಕೆಂದು ಅಪ್ಪ ನೆನಪಿಸಿಕೊಳ್ಳುತ್ತಾರೆ. ಲಾಳಿ ಎರಡು ನಿಮಿಷದಲ್ಲಿ ಬಂತು. ರಾಟಿಗೆ ಅವ್ವ ಒಳಗಿನಿಂದ ಕೂಗಿ ಅಪ್ಪ ಹೇಳಿದ್ದನ್ನು ತಿದ್ದಿದಳು, ಅವಳ ತವರಿನಲ್ಲಿ ರಾಟಿ ಇತ್ತು. ಕೆಲವಕ್ಕೆ ಅಪ್ಪನಿಗೆ ಪದ ನೆನಪಾಗುತ್ತದೆ, ಹೇಳಿದವರ ಹೆಸರು ಆಗುವುದಿಲ್ಲ. ಅದು ಅವರಿಗೆ ಬಹಳ ಬೇಸರ ತರಿಸುತ್ತದೆ. ಕೋಲು ಹಿಡಿದು ಓಣಿಗೆ ಹೋಗಿ, ಉಳಿದಿರುವ ಒಬ್ಬಿಬ್ಬರನ್ನು ಕೇಳಿ ಬರುತ್ತಿದ್ದಾರೆ. ಆಪರೇಷನ್ ಆದ ಮೇಲೆ ಮನೆ ಬಿಟ್ಟು ಹೊರಡದವರು ಹೊರಡುತ್ತಿದ್ದಾರೆಂದು ಅವ್ವನ ದೂರು, ಅದನ್ನು ಅವಳು ದೂರಿನ ದನಿಯಲ್ಲಿ ಹೇಳುವುದಿಲ್ಲ. ಈವರೆಗೆ ತೊಂಬತ್ತರಲ್ಲಿ ಐವತ್ತೆರಡು ತುಂಬಿದೆ. ಮಗ್ಗಕ್ಕೆ ಮಾತ್ರ ಇನ್ನೂ ಬರೆಸಿಲ್ಲ. ಅದಕ್ಕೆ ಎರಡು ಪುಟ ಬರೆದಿದ್ದೆ, ಸುಮ್ಮನೆ ಫೋನಿನಾಗ ಹೇಳುವಂಥದ್ದಲ್ಲ ಎನ್ನುತ್ತಾರೆ.

ಪೆಂಟಿಯಂ ಈಗ ಗೋದಾಮಿಗೆ ಹೋಗಿಲ್ಲ. ಕಾಕಾರ ಪಂಚಿಂಗ್ ಕೋಣೆಯಲ್ಲಿ, ಹೊಸ ಕಂಪ್ಯೂಟರಿನ ಪಕ್ಕದ ಮೇಜಿನಲ್ಲಿದೆ. ಅದಕ್ಕೂ ಒಂದು ಗೋಟೆಕ್ ಹಾಕಿದ್ದೇವೆ. ಹಳೆಯ ನವಿಲನ್ನು ಅದರಲ್ಲಿ ತಿದ್ದಿ, ಪೆನ್‌ಡ್ರೈವಿಗೆ ಬರೆದು, ಹೊಸದರಲ್ಲಿ ನೋಡಿ, ಗೋಡೆ ಬದಿಯ ಯಂತ್ರಕ್ಕೆ ಕೊಡುತ್ತಾರೆ. ಡಾಂಗಲ್ ಮುರಿದರೆ ಏನು ಗತಿ ಎಂಬ ಚಿಂತೆ ನನಗೆ ಇದೆ, ಕಾಕಾಗೆ ಇಲ್ಲ.

ಅಪ್ಪನ ಕಡತ ಯುನಿಕೋಡಿನಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿದೆ, ಕ್ಲೌಡಿನಲ್ಲಿದೆ, ತಂಗಿಯ ಹತ್ತಿರ ಇನ್ನೊಂದು ಪ್ರತಿ ಇದೆ. ಇಷ್ಟು ಹೇಳಿದರೆ ಅಪ್ಪನಿಗೆ ಸಮಾಧಾನವಿಲ್ಲ, ಹಾಳಿ ಮೇಲೆ ಕಳಿಸು ಎಂದರು. ಪ್ರಿಂಟು ತೆಗೆದು, ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಕೊರಿಯರ್ ಮಾಡಿದೆ. ಮೊದಲ ಇಪ್ಪತ್ತು ಪುಟ ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ಮೊನ್ನೆ ವಾಪಸ್ ಬಂದಿವೆ. ಎರಡನೆಯ ಪುಟವೊಂದರಲ್ಲೇ ಹನ್ನೊಂದು ತಪ್ಪು. ಏಳು ಧಾರವಾಡದಲ್ಲಿ ಟೈಪು ಮಾಡಿದವರದ್ದು, ನಾಲ್ಕು ನನ್ನ ಪ್ರೋಗ್ರಾಮಿನದು.